ಮಕ್ಕಳ ಕೈಗೆ ರಶೀದಿ ಪುಸ್ತಕ ಕೊಡುವ ಮುನ್ನ

ಜೂನ್ ತಿಂಗಳು ಬಂತೆಂದರೆ ಮುಂಬಯಿ, ಠಾಣೆ, ಡೊಂಬಿವಲಿ, ನವಿಮುಂಬಯಿಯ ಕನ್ನಡ ಸಂಘ ಸಂಸ್ಥೆಗಳಲ್ಲಿ ಪುಸ್ತಕ ವಿತರಣೆಯ ಸಡಗರ. ವೇದಿಕೆಯ ಮೇಲೆ ಗಣ್ಯರ ಸಾಲು, ಪಕ್ಕದ ಮೇಜಿನಲ್ಲಿ ನೋಟ್ ಪುಸ್ತಕಗಳ ಕಟ್ಟು, ಹೆಸರು ಕರೆದಂತೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುವ ಮಕ್ಕಳು. ದಾನಿಗಳು ಪುಸ್ತಕದ ಒಂದು ತುದಿ ಹಿಡಿದಿರುತ್ತಾರೆ, ಮಗು ಇನ್ನೊಂದು ತುದಿ ಹಿಡಿದಿರುತ್ತದೆ, ಫೋಟೋ ತೆಗೆಯುವವರೆಗೆ ಇಬ್ಬರೂ ಬಿಡುವಂತಿಲ್ಲ. ಕಾರ್ಯ ಶ್ಲಾಘನೀಯ ಎಂಬುದರಲ್ಲಿ ಎರಡು ಮಾತಿಲ್ಲ. ಇಬ್ಬರು ಮಕ್ಕಳಿರುವ ಮನೆಗೆ ವರ್ಷಕ್ಕೆ ಬೇಕಾಗುವ ನೋಟ್ ಪುಸ್ತಕದ ಖರ್ಚು ಸಣ್ಣದಲ್ಲ.

ಆದರೆ ವೇದಿಕೆಯಿಂದ ಇಳಿದು ಬಂದ ಮೂರನೇ ತರಗತಿಯ ಮಗುವನ್ನು ‘ಈ ಪುಸ್ತಕ ಯಾರ ದುಡ್ಡಿನಿಂದ ಬಂತು?’ ಎಂದು ಕೇಳಿದರೆ ಅದು ಬೆರಳು ತೋರಿಸುವುದು ಶಾಲು ಹೊದ್ದುಕೊಂಡು ಕುಳಿತವರ ಕಡೆಗೆ. ವರ್ಷವಿಡೀ ರಜಾದಿನಗಳಲ್ಲಿ ಬಿಲ್ಡಿಂಗುಗಳ ಮೆಟ್ಟಿಲು ಹತ್ತಿಳಿದು ನೂರು, ಇನ್ನೂರು ಕೂಡಿಸಿದ ಕಾರ್ಯಕರ್ತರು, ಸ್ಮರಣ ಸಂಚಿಕೆಗೆ ಕಾಲು ಪುಟದ ಜಾಹೀರಾತು ಕೊಟ್ಟ ಅಂಗಡಿಯವರು, ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕ ಬಿಡಿಸಿ ಕೂರುವ ಕೋಶಾಧಿಕಾರಿ, ಇವರಾರೂ ಮಗುವಿನ ಕಣ್ಣಿಗೆ ಬೀಳುವುದಿಲ್ಲ. ದಾನ ಎಂದರೆ ದೊಡ್ಡವರು ಮೇಲೆ ನಿಂತು ಕೊಡುವುದು, ಸಣ್ಣವರು ಕೆಳಗಿನಿಂದ ಬಂದು ತೆಗೆದುಕೊಳ್ಳುವುದು ಎಂಬ ಚಿತ್ರವೇ ಮನಸ್ಸಿನಲ್ಲಿ ಉಳಿಯುತ್ತದೆ. ಮುಂದೆ ಇದೇ ಮಕ್ಕಳು ಸಂಘದ ಕಡೆಗೆ ಬರುವುದಿಲ್ಲವೆಂದು ಹಿರಿಯರು ಕೊರಗುವುದಿದೆ. ಸಂಘವೆಂಬುದು ಹೇಗೆ ನಡೆಯುತ್ತದೆಂದು ಒಮ್ಮೆಯೂ ಕಾಣದವರು ಬರಬೇಕಾದರೂ ಯಾಕೆ?

ಸಾನಪಾಡಾದಂತಹ ಉಪನಗರದಲ್ಲಿ ಬೆಳೆಯುವ ಮಗುವಿಗೆ ಚಂದಾ ವಸೂಲಿ ಹೊಸತೇನಲ್ಲ. ಗಣೇಶೋತ್ಸವ ಹತ್ತಿರವಾದಾಗ ಸೆಕ್ಟರಿನ ಮಂಡಳದವರು ವರ್ಗಣಿಗೆ ಬಾಗಿಲು ತಟ್ಟುತ್ತಾರೆ. ಹೋಳಿಯ ಸಮಯದಲ್ಲಿ ಸಣ್ಣ ಹುಡುಗರೇ ದಾರಿಯಲ್ಲಿ ನಿಲ್ಲಿಸಿ ‘ಪೋಸ್ತ್’ ಕೇಳುತ್ತಾರೆ. ಶಾಲೆಯಿಂದ ಆಗಾಗ ಒಂದು ದೇಣಿಗೆ ಹಾಳೆ ಮನೆಗೆ ಬರುತ್ತದೆ: ಹೆಸರು, ಮೊತ್ತ, ಸಹಿ ಎಂದು ಮೂರು ಅಂಕಣ. ಹೆಚ್ಚು ತಂದ ಮಗುವಿಗೆ ಪದಕ, ಪ್ರಮಾಣಪತ್ರ. ಈ ಹಾಳೆಯ ಗತಿ ಏನಾಗುತ್ತದೆ ಎಂಬುದು ಎಲ್ಲ ತಂದೆತಾಯಿಯರಿಗೂ ಗೊತ್ತು. ಅಪ್ಪ ಅದನ್ನು ಆಫೀಸಿಗೆ ಒಯ್ದು ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳ ಮುಂದೆ ಹಿಡಿಯುತ್ತಾರೆ. ಉಳಿದ ಸಾಲುಗಳನ್ನು ಅಮ್ಮ ತಾನೇ ತುಂಬಿಸುತ್ತಾಳೆ. ಮಗುವಿಗೆ ಸಿಗುವುದು ಪದಕ ಮಾತ್ರ. ತಂದೆಯ ಹುದ್ದೆ ದೊಡ್ಡದಿದ್ದರೆ ಮಗುವಿನ ಪದಕವೂ ದೊಡ್ಡದು. ವಾಚ್‌ಮನ್ ಕೆಲಸದವರ, ಕ್ಯಾಂಟೀನಿನಲ್ಲಿ ದುಡಿಯುವವರ ಮಗು ಹತ್ತು ರೂಪಾಯಿ ಬರೆದ ಹಾಳೆಯನ್ನು ಮಡಚಿ ಚೀಲದಲ್ಲೇ ಇಟ್ಟುಕೊಂಡು ಮರಳುತ್ತದೆ. ದಯೆಯ ಪಾಠವೆಂದು ಆರಂಭವಾದದ್ದು ಆ ಮಗುವಿಗೆ ನಾಚಿಕೆಯ ಪಾಠವಾಗುತ್ತದೆ. ಮೊತ್ತಕ್ಕೆ ಬಹುಮಾನ ಕೊಡುವ ಈ ಪದ್ಧತಿಯನ್ನು ಪ್ರಾಥಮಿಕ ತರಗತಿಗಳಲ್ಲಂತೂ ನಿಲ್ಲಿಸುವುದೇ ಲೇಸು.

ಹಿಂದಿನ ತಲೆಮಾರಿನವರಿಗೆ ಡಿಸೆಂಬರ್ 7ರ ಧ್ವಜ ದಿನ ನೆನಪಿರಬಹುದು. 1949ರಿಂದ ನಡೆದು ಬಂದ ಈ ದಿನದಂದು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುವುದು. ಮೂರು ಬಣ್ಣ ಮೂರು ಸೇನಾದಳಗಳಿಗೆ. ಆ ಹಣ ಮಾಜಿ ಸೈನಿಕರ, ಹುತಾತ್ಮರ ಕುಟುಂಬಗಳ ಕ್ಷೇಮಕ್ಕೆ ಹೋಗುತ್ತದೆ. ಕ್ಷಯರೋಗ ನಿವಾರಣೆಯ ಸೀಲು ಎಂಬ ಅಂಚೆಚೀಟಿಯಂತಹ ಚೀಟಿಯೂ ಶಾಲೆಗಳಲ್ಲಿ ಬರುತ್ತಿತ್ತು. ಎಲ್ಲರಿಗೂ ಒಂದೇ ಧ್ವಜ, ಒಂದೇ ಬೆಲೆ. ಯಾರು ಹೆಚ್ಚು, ಯಾರು ಕಡಿಮೆ ಎಂಬ ಪೈಪೋಟಿ ಅಲ್ಲಿರಲಿಲ್ಲ.

ಸಣ್ಣ ಹಣದ ಶಕ್ತಿಯನ್ನು ತಿಳಿಸಲು ದೂರದ ಕಥೆ ಹುಡುಕಬೇಕಾಗಿಲ್ಲ. ಸಾನಪಾಡಾದಿಂದ ಪುಣೆಗೆ ಹೋಗುವ ದಾರಿಯಲ್ಲಿ ತಳೇಗಾಂವ್ ಸಿಗುತ್ತದೆ. ಪ್ರತಿಯೊಬ್ಬರಿಂದ ಒಂದೊಂದು ಪೈಸೆ ಕೂಡಿಸಿದರೆ ದೇಶದ ಉದ್ಯಮ ಕಟ್ಟಬಹುದೆಂದು ಅಂತಾಜಿ ದಾಮೋದರ ಕಾಳೆ ಎಂಬವರು ಊರೂರು ಸುತ್ತಿದರು. ಲೋಕಮಾನ್ಯ ತಿಲಕರು ಬೆಂಬಲ ಕೊಟ್ಟರು. ಆ ‘ಪೈಸಾ ಫಂಡ್’ನಿಂದ 1908ರಲ್ಲಿ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆಯೇ ಎದ್ದು ನಿಂತಿತು. ಮುಂಬಯಿಯ ತುಳು ಕನ್ನಡಿಗರ ಸಂಸ್ಥೆಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಇವೆಲ್ಲ ಇಂದು ದೊಡ್ಡ ಹೆಸರುಗಳು. ಆದರೆ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗರು, ತಿಂಗಳ ಸಂಬಳದಲ್ಲಿ ಊರಿಗೆ ಮನಿಯಾರ್ಡರ್ ಮಾಡಿ ಉಳಿದದ್ದರಲ್ಲಿ ಚಂದಾ ತೆತ್ತವರು ಇಲ್ಲದೆ ಕನ್ನಡಿಗರ ಸಂಸ್ಥೆಗಳು ಇಷ್ಟೆತ್ತರ ಬೆಳೆಯುತ್ತಿರಲಿಲ್ಲ.

1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಆರಂಭಿಸಿದ ಪಿಗ್ಮಿ ಯೋಜನೆ ದಾನವಲ್ಲ, ಉಳಿತಾಯ. ಆದರೂ ಅದರಲ್ಲೊಂದು ಪಾಠವಿದೆ. ದಿನಕ್ಕೆ ಎರಡಾಣೆ ಕೊಡುತ್ತಿದ್ದ ಮೀನು ಮಾರುವ ಹೆಂಗಸಿಗೆ ಬ್ಯಾಂಕಿನ ಕಟ್ಟಡದ ಮೇಲೆ ನಂಬಿಕೆ ಬಂದದ್ದಲ್ಲ. ಕೊಟ್ಟ ಕೂಡಲೇ ಏಜೆಂಟನು ಕಣ್ಣೆದುರೇ ಬರೆದುಕೊಡುತ್ತಿದ್ದ ಆ ಅಂಕಿಯ ಮೇಲೆ ಬಂತು.

ಮಕ್ಕಳಿಗೆ ಕಲಿಸಬೇಕಾದದ್ದು ಮುಖ್ಯವಾಗಿ ಇದನ್ನೇ. ಕೊಡುವ ಮನಸ್ಸು ಮಕ್ಕಳಲ್ಲಿ ಹುಟ್ಟಿನಿಂದಲೇ ಇದೆ. ಡಬ್ಬಿಯಲ್ಲಿದ್ದ ಚಕ್ಕುಲಿಯನ್ನು ಪಕ್ಕದವನಿಗೆ ಮುರಿದು ಕೊಡಲು ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದದ್ದು ಇನ್ನೊಬ್ಬರ ಹಣ ಕೈಯಲ್ಲಿರುವಾಗ ಹೇಗಿರಬೇಕೆಂಬುದನ್ನು. ಕೊಟ್ಟವರ ಹೆಸರು ಬರೆಯಬೇಕು, ರಶೀದಿ ಕೊಡಬೇಕು, ಯಾವುದಕ್ಕೆಂದು ಕೇಳಿತ್ತೋ ಅದಕ್ಕೇ ಖರ್ಚಾಗಬೇಕು, ಉಳಿದದ್ದನ್ನು ಹೇಳಬೇಕು. ಎಂಟು ವರ್ಷದ ಮಗುವಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಕೂಡುವುದು, ಕಳೆಯುವುದು ಬಂದರೆ ಸಾಕು.

ಯಕ್ಷಗಾನವನ್ನೇ ತೆಗೆದುಕೊಳ್ಳಬಹುದು. ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬರುತ್ತವೆ. ಸಂಘಗಳು ವಿದ್ಯಾನಿಧಿಗೋ, ವೈದ್ಯಕೀಯ ನೆರವಿಗೋ ಸಹಾಯಾರ್ಥ ಪ್ರದರ್ಶನ ಏರ್ಪಡಿಸುತ್ತವೆ. ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತು ಬಣ್ಣದ ವೇಷಕ್ಕೆ ಬೆದರಿ, ಹಾಸ್ಯಗಾರನಿಗೆ ನಕ್ಕು, ನಡುರಾತ್ರಿ ಅಪ್ಪನ ಹೆಗಲ ಮೇಲೆ ನಿದ್ದೆಹೋಗಿ ಮನೆ ಸೇರುತ್ತವೆ. ‘ಸಹಾಯಾರ್ಥ’ ಎಂಬ ಪದ ಬ್ಯಾನರಿನಲ್ಲೇ ಉಳಿದುಬಿಡುತ್ತದೆ.

ಆ ಪದವನ್ನು ಲೆಕ್ಕವಾಗಿ ಬಿಡಿಸಿ ತೋರಿಸಿದರೆ ಹೇಗಿರುತ್ತದೆ? ಒಂದು ಕಾಲ್ಪನಿಕ ಪ್ರದರ್ಶನಕ್ಕೆ ಪಾಸು, ಜಾಹೀರಾತು ಸೇರಿ 1,00,000 ರೂಪಾಯಿ ಬಂತೆಂದಿಟ್ಟುಕೊಳ್ಳೋಣ. ಸಭಾಗೃಹದ ಬಾಡಿಗೆ 20,000, ಕಲಾವಿದರಿಗೆ 35,000, ಮೈಕು-ದೀಪ 8,000, ಊಟೋಪಚಾರ 12,000, ಶಾಲು-ಹಾರ-ಸ್ಮರಣಿಕೆ 5,000, ಮುದ್ರಣ 2,000. ಒಟ್ಟು ಖರ್ಚು 82,000. ವಿದ್ಯಾನಿಧಿಗೆ ಉಳಿದದ್ದು 18,000, ಅಂದರೆ ರೂಪಾಯಿಗೆ 18 ಪೈಸೆ. ನಾಲ್ಕನೇ ತರಗತಿಯ ಮಕ್ಕಳ ಮುಂದೆ ಕರಿಹಲಗೆಯಲ್ಲಿ ಇದನ್ನು ಬರೆದು ‘ಇದರಲ್ಲಿ ಯಾವುದನ್ನು ಕಡಿಮೆ ಮಾಡಬಹುದು?’ ಎಂದು ಕೇಳಿದರೆ ಕೂಡಲೇ ಒಂದು ಕೈ ಮೇಲೇಳುತ್ತದೆ: ಶಾಲು. 40 ರೂಪಾಯಿಯ ನೋಟ್ ಪುಸ್ತಕವಾದರೆ ಆ 5,000 ರೂಪಾಯಿಗೆ 125 ಪುಸ್ತಕ ಬರುತ್ತದೆ ಎಂದು ಇನ್ನೊಂದು ಮಗು ಲೆಕ್ಕ ಹಾಕುತ್ತದೆ. ವೇದಿಕೆಯ ಮೇಲಿರುವ ಹಿರಿಯರಿಗೆ ಇದು ಸ್ವಲ್ಪ ಮುಜುಗರದ ಪ್ರಶ್ನೆ ಎಂಬುದು ನಿಜ. ಹಾಗೆಂದು ಖರ್ಚೆಲ್ಲ ದುಂದು ಎಂದು ಮಕ್ಕಳು ತಿಳಿಯಬಾರದು. ಕಲಾವಿದರಿಗೆ ಮಳೆಗಾಲದ ತಿಂಗಳುಗಳಲ್ಲಿ ಬದುಕು ನಡೆಯುವುದೂ ಈ ಹಣದಿಂದಲೇ, ನೋಡಿದವರಿಗೆ ಆಟದ ಸುಖವೂ ಸಿಕ್ಕಿದೆ. ಯಾವ ಖರ್ಚು ಅಗತ್ಯ, ಯಾವುದು ಬರೀ ಮೆರುಗು ಎಂದು ವಿಂಗಡಿಸುವ ಬುದ್ಧಿ ಚಿಕ್ಕಂದಿನಲ್ಲೇ ಬಂದರೆ ಮುಂದೆ ಸಂಘಗಳಿಗೆ ಒಳ್ಳೆಯ ಪದಾಧಿಕಾರಿಗಳು ಸಿಗುತ್ತಾರೆ.

ಮಂಗಳೂರು ಬಳಿಯ ಹರೇಕಳದ ಹಾಜಬ್ಬ ಅವರ ಕಥೆಯನ್ನು ಪ್ರತಿ ಕನ್ನಡ ಮಗುವಿಗೂ ಹೇಳಬೇಕು. ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದವರು. ತನ್ನ ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ನ್ಯೂಪಡ್ಪುವಿನಲ್ಲಿ ಶಾಲೆ ತರಲು ಕಚೇರಿಗಳಿಗೆ ಅಲೆದರು, ಕಿತ್ತಳೆಯ ಗಳಿಕೆಯಲ್ಲಿ ಉಳಿಸಿದರು, ದಾನಿಗಳ ಬಾಗಿಲಿಗೆ ಹೋದರು. ಪ್ರಶಸ್ತಿಗಳೊಂದಿಗೆ ಬಂದ ಹಣವೂ ಶಾಲೆಗೇ ಸೇರಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ಅದನ್ನು ಸ್ವೀಕರಿಸಿದರು. ಓದು ಬಾರದ ಒಬ್ಬ ವ್ಯಾಪಾರಿಯ ಕೈಗೆ ಜನ ಧೈರ್ಯದಿಂದ ಹಣ ಕೊಟ್ಟರು, ಯಾಕೆಂದರೆ ಕೊಟ್ಟದ್ದೆಲ್ಲ ಶಾಲೆಯಾಗಿ ಕಣ್ಣೆದುರು ನಿಂತಿತ್ತು. ಮುಂಬಯಿಯಲ್ಲೇ 1979ರಲ್ಲಿ ರಿಪ್ಪನ್ ಕಪೂರ್ ಎಂಬ ವಿಮಾನ ಸಂಸ್ಥೆಯ ನೌಕರ ತನ್ನ ಗೆಳೆಯರೊಂದಿಗೆ 50 ರೂಪಾಯಿ ಇಟ್ಟು ಆರಂಭಿಸಿದ ‘ಕ್ರೈ’ ಸಂಸ್ಥೆಯೂ ಮಕ್ಕಳಿಗೆ ಹೇಳಲು ತಕ್ಕದ್ದೇ.

ಸಾನಪಾಡಾ, ಜೂಯಿನಗರ, ನೆರೂಳ್ ಕಡೆಯ ಕನ್ನಡಿಗರ ಮನೆಗಳ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ, ಹಿಂದಿ ಆಡುತ್ತಾರೆ. ಕನ್ನಡ ಅಕ್ಷರ ಕಲಿಸುವ ಭಾನುವಾರದ ತರಗತಿಗಳಲ್ಲಿ ಅಆಇಈ ಮುಗಿದ ಮೇಲೆ ಮುಂದೇನೆಂಬ ಚಿಂತೆ ಶಿಕ್ಷಕಿಯರಿಗೆ ಇದ್ದೇ ಇದೆ. ಜಮಾ, ಖರ್ಚು, ಬಾಕಿ, ರಶೀದಿ, ದೇಣಿಗೆ, ಸಹಿ ಎಂಬ ಆರು ಪದಗಳಿಂದ ಒಂದು ತಿಂಗಳ ಪಾಠ ನಡೆಸಬಹುದು. ಸಂಘವು ಮಕ್ಕಳ ಕೈಗೆ 500 ರೂಪಾಯಿ ಕೊಟ್ಟು, ಇದನ್ನು ಯಾವುದಕ್ಕೆ ಬಳಸಬೇಕೆಂದು ನೀವೇ ನಿರ್ಧರಿಸಿ ಎನ್ನಲಿ. ಒಬ್ಬರು ಬೀದಿನಾಯಿಗೆ ಎನ್ನುತ್ತಾರೆ, ಇನ್ನೊಬ್ಬರು ವೃದ್ಧಾಶ್ರಮದ ಅಜ್ಜಿಗೆ ಎನ್ನುತ್ತಾರೆ, ಮತ್ತೊಬ್ಬರು ತುರ್ಭೆ ಕಡೆಯ ಶಾಲೆಯ ಮಕ್ಕಳಿಗೆ ಬಣ್ಣದ ಪೆನ್ಸಿಲು ಎನ್ನುತ್ತಾರೆ. ಜಗಳವಾಗಲಿ. ಕೈಯೆತ್ತಿ ಮತ ಹಾಕಲಿ. ಹಣ ಮುಗಿದಾಗ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಲೆಕ್ಕ ಬರೆದು ಗೋಡೆಗೆ ಅಂಟಿಸಲಿ.

ತೆಗೆದುಕೊಳ್ಳುವವರ ಮಾನದ ವಿಚಾರವೂ ಇದೇ ಪಾಠಕ್ಕೆ ಸೇರಬೇಕು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದೇಶದ ನಾನಾ ಕಡೆಯಿಂದ ಬಂದ ಹಳೆಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಮನೆಯಲ್ಲಿ ಬೇಡವಾದದ್ದನ್ನು ಕೊಟ್ಟರೆ ಅದು ಕಪಾಟು ಖಾಲಿ ಮಾಡಿದಂತಾಯಿತೇ ಹೊರತು ನೆರವಾಗಲಿಲ್ಲ. ಗುಂಡಿ ಕಿತ್ತುಹೋದ ಅಂಗಿಗೆ ಗುಂಡಿ ಹಾಕಿ, ಒಗೆದು, ಮಡಚಿ ಕೊಡಬೇಕೆಂದು ಮಗುವಿಗೆ ತಾಯಿಯೇ ಹೇಳಬಲ್ಲಳು. ಸಂಘಗಳೂ ಒಂದು ಹೆಜ್ಜೆ ಮುಂದೆ ಹೋಗಿ, ನೋಟ್ ಪುಸ್ತಕ ಪಡೆಯುವ ಮಗುವನ್ನು ವೇದಿಕೆಗೆ ಹತ್ತಿಸುವ, ಪತ್ರಿಕೆಗೆ ಅದರ ಫೋಟೋ ಕಳುಹಿಸುವ ರೂಢಿಯನ್ನು ಬಿಡಬಹುದು. ಮರುದಿನ ಶಾಲೆಯಲ್ಲಿ ಆ ಫೋಟೋವನ್ನು ಸಹಪಾಠಿಗಳೂ ನೋಡುತ್ತಾರೆ. ಪುಸ್ತಕದ ಕಟ್ಟು ಬಾಗಿಲ ಬಳಿ ಸಿಕ್ಕಿದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಸಾಯನ್-ಪನ್ವೇಲ್ ಹೆದ್ದಾರಿಯ ಸಿಗ್ನಲಿನಲ್ಲಿ ತನ್ನದೇ ವಯಸ್ಸಿನ ಮಗು ಕೈಚಾಚಿದಾಗ ‘ಅಪ್ಪಾ, ಅವನಿಗೆ ಯಾಕೆ ಕೊಡಲಿಲ್ಲ?’ ಎಂಬ ಪ್ರಶ್ನೆ ಹಿಂದಿನ ಸೀಟಿನಿಂದ ಬರುತ್ತದೆ. ಗಾಜು ಏರಿಸಿ ಸುಮ್ಮನಾಗುವುದು ಉತ್ತರವಲ್ಲ. ನಾಣ್ಯ ಕೊಟ್ಟರೆ ಅದು ಆ ಮಗುವಿನ ಕೈಯಲ್ಲೇ ಉಳಿಯುತ್ತದೆಂಬ ಖಾತ್ರಿಯಿಲ್ಲ ಎಂಬುದನ್ನು, ಅಪಾಯದಲ್ಲಿರುವ ಮಕ್ಕಳಿಗಾಗಿ 1098 ಎಂಬ ದೂರವಾಣಿ ಸಂಖ್ಯೆ ಇದೆ ಎಂಬುದನ್ನು, ಆ ಸೇವೆ 1996ರಲ್ಲಿ ಮೊದಲು ಹುಟ್ಟಿದ್ದೇ ಮುಂಬಯಿಯಲ್ಲಿ ಎಂಬುದನ್ನು ಹೇಳಬಹುದು. ಅಪ್ಪನೇ ಒಮ್ಮೆ ಆ ಸಂಖ್ಯೆಗೆ ಕರೆಮಾಡಿದರೆ ಇನ್ನೂ ಒಳ್ಳೆಯದು.

ಕೆಲವು ಎಚ್ಚರಿಕೆಗಳಿವೆ. ಪ್ರಾಥಮಿಕ ಶಾಲೆಯ ಮಕ್ಕಳನ್ನು ರಶೀದಿ ಪುಸ್ತಕದೊಡನೆ ಅಪರಿಚಿತರ ಬಾಗಿಲಿಗೆ ಒಬ್ಬೊಬ್ಬರನ್ನಾಗಿ ಕಳುಹಿಸಲೇಬಾರದು. ದೊಡ್ಡವರು ಜೊತೆಗಿರಬೇಕು, ಸೊಸೈಟಿಯ ಕಮಿಟಿಗೆ ಮೊದಲೇ ತಿಳಿಸಿರಬೇಕು. ಮಹಾರಾಷ್ಟ್ರದಲ್ಲಿ ನೋಂದಣಿಯಾಗದ ಉತ್ಸವ ಮಂಡಳಗಳು ವರ್ಗಣಿ ಎತ್ತಬೇಕಾದರೆ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯ 41ಸಿ ಕಲಮಿನಂತೆ ಚ್ಯಾರಿಟಿ ಕಮಿಷನರರ ಕಚೇರಿಯ ಅನುಮತಿ ಬೇಕು, ಆಮೇಲೆ ಲೆಕ್ಕವನ್ನೂ ಒಪ್ಪಿಸಬೇಕು. ಬಾಗಿಲಿಗೆ ಬಂದವರ ಬಳಿ ಆ ಕಾಗದ ಇದೆಯೇ ಎಂದು ವಿನಯದಿಂದ ಕೇಳುವುದನ್ನು ಮಕ್ಕಳು ನೋಡಿ ಕಲಿಯಲಿ. ಈಗ ಹುಂಡಿಯ ಜಾಗದಲ್ಲಿ ಮೊಬೈಲಿಗೆ ಹಿಡಿಯುವ ಕ್ಯೂಆರ್ ಕೋಡ್ ಬಂದಿದೆ. ನಾಣ್ಯ ಬಿದ್ದ ಸದ್ದಿಲ್ಲ, ಹಣ ಎಲ್ಲಿಗೆ ಹೋಯಿತೆಂದು ಮಗುವಿಗೆ ಕಾಣುವುದೂ ಇಲ್ಲ. ಹಣ ಕಳುಹಿಸುವ ಮೊದಲು ಪರದೆಯ ಮೇಲೆ ಮೂಡುವುದು ಸಂಸ್ಥೆಯ ಹೆಸರೋ, ಯಾರೋ ಒಬ್ಬ ವ್ಯಕ್ತಿಯ ಹೆಸರೋ ಎಂದು ಮಗುವಿನಿಂದಲೇ ಗಟ್ಟಿಯಾಗಿ ಓದಿಸುವುದು ಒಳ್ಳೆಯ ಅಭ್ಯಾಸ.

ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ಕೋಶಾಧಿಕಾರಿ ಲೆಕ್ಕಪತ್ರ ಓದುವ ಹೊತ್ತಿಗೆ ಸದಸ್ಯರು ಚಹಾಕ್ಕೆ ಏಳುವುದು ವಾಡಿಕೆ. ಮುಂದಿನ ಸಭೆಯಲ್ಲಿ ಪುಸ್ತಕ ವಿತರಣೆಯ ಬಾಬ್ತಿನ ಜಮಾ-ಖರ್ಚನ್ನು ಐದನೇ ತರಗತಿಯ ಇಬ್ಬರು ಮಕ್ಕಳು ಕನ್ನಡದಲ್ಲಿ ಓದಲಿ, ಸದಸ್ಯರ ಪ್ರಶ್ನೆಗಳಿಗೆ ಕೋಶಾಧಿಕಾರಿಗಳ ಪಕ್ಕದಲ್ಲಿ ನಿಂತು ಉತ್ತರಿಸಲಿ. ಅದಕ್ಕೆ ಕಾರ್ಯಕಾರಿ ಸಮಿತಿಯ ಒಂದು ನಿರ್ಣಯ ಸಾಕು, ಖರ್ಚೇನೂ ಇಲ್ಲ.