ಟೈಲ್ಸಿಗೆ ಲಕ್ಷ, ಪಾಯಕ್ಕೆ ಚೌಕಾಶಿ!

ಗದಗ, ಧಾರವಾಡ, ವಿಜಯಪುರ ಸೀಮೆಯ ಯಾವುದೇ ಊರಿನ ಹೊಸ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಮುಂಭಾಗಕ್ಕೆ ಗ್ರಾನೈಟು, ಗೇಟಿಗೆ ಸ್ಟೀಲು, ಬಾಗಿಲಿಗೆ ತೇಗ. ಒಳಗೆ ಕಾಲಿಟ್ಟರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹರಿದ ಬಿರುಕು. ಗೃಹಪ್ರವೇಶದ ತೋರಣ ಒಣಗಿ ಒಂದು ಮಳೆಗಾಲ ಕಳೆಯುವುದರೊಳಗೆ ಯಜಮಾನ ಪುಟ್ಟಿ ಡಬ್ಬ ಹಿಡಿದು ನಿಂತಿರುತ್ತಾನೆ. ಗೌಂಡಿಯನ್ನು ಕೇಳಿದರೆ ಸಿದ್ಧ ಉತ್ತರ: "ಹೊಸಾ ಮನಿ ಅಲ್ಲೇನ್ರೀ, ಸೆಟ್ ಆಗಾಕ ಹತ್ತೈತಿ!"

ಸೆಟ್ ಆಗುತ್ತಿರುವುದು ಮನೆಯಲ್ಲ, ಕೆಳಗಿನ ಮಣ್ಣು ಅಲ್ಲಾಡುತ್ತಿರುವುದು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಹತ್ತಿಗೆ, ಜೋಳಕ್ಕೆ, ಕಡಲೆಗೆ ಬಂಗಾರದಂಥ ಭೂಮಿ. ಗೋಡೆಗೆ ಮಾತ್ರ ಶತ್ರು. ನಿನ್ನೆ ಮೊನ್ನೆಯವರೆಗೆ ಕಡಲೆ ಬೆಳೆದ ಹೊಲವೇ ಇಂದು ಮೂವತ್ತು ನಲವತ್ತರ ಸೈಟು. ಅದರಲ್ಲಿ ನಾಲ್ಕಡಿ ತೋಡಿ ಕಲ್ಲು ತುಂಬಿದರೆ ಪಾಯ ಮುಗಿಯಿತೆಂದು ತಿಳಿಯುವವರೇ ಹೆಚ್ಚು. "ಬಾಜೂ ಮನಿಯವ್ರೂ ಅಷ್ಟ ತಗದಾರ್ರೀ" ಎಂಬುದು ಇದಕ್ಕಿರುವ ಏಕೈಕ ಆಧಾರ. ಬಾಜೂ ಮನೆಯವರ ಗೋಡೆಯಲ್ಲೂ ಬಿರುಕಿದೆಯೋ ಎಂದು ಒಳಗೆ ಹೋಗಿ ನೋಡಿದವರಿಲ್ಲ!

ಗರಸು ಹತ್ತಿರದಲ್ಲೇ ಸಿಕ್ಕರೆ ಅಲ್ಲಿಯವರೆಗೆ ತೋಡುವುದೇ ಸರಿ. ಎರೆ ಆಳವಾಗಿದ್ದರೆ ಬೇರೆ ದಾರಿಯಿದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಎಷ್ಟೋ ದಶಕಗಳ ಹಿಂದೆಯೇ ಇಂಥ ಮಣ್ಣಿಗೆಂದೇ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ರೂಪಿಸಿ ಕೊಟ್ಟಿದೆ. ಸುಮಾರು ಮೂರೂವರೆ ಮೀಟರು, ಅಂದರೆ ಹನ್ನೊಂದು ಹನ್ನೆರಡು ಅಡಿ ಆಳ. ಮಳೆ ಬಿಸಿಲಿನ ಆಟ ನಡೆಯುವ ಮೇಲಿನ ಪದರ ದಾಟಿ ಕಂಬ ಕೆಳಗೆ ಕಚ್ಚಿ ನಿಲ್ಲುತ್ತದೆ, ಮೇಲೆ ಬೀಮು ಕಟ್ಟಿ ಗೋಡೆ ಎಬ್ಬಿಸಬಹುದು. ಯಾವ ಸೈಟಿಗೆ ಯಾವುದು ಬೇಕೆಂದು ಹೇಳಬೇಕಾದವನು ಮಣ್ಣು ನೋಡಿದ ಇಂಜಿನಿಯರು. ಅವನ ಫೀಸು ಕೇಳಿದ ಕೂಡಲೇ "ಅದ್ಯಾಕ್ರೀ ದಂಡ" ಎನ್ನುವ ಯಜಮಾನ, ಮಗ ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಕಳಿಸಿದ ಮುಂಭಾಗದ ಚಿತ್ರಕ್ಕೆ ಲಕ್ಷಗಟ್ಟಲೆ ಸುರಿಯಲು ಹಿಂದೆ ಮುಂದೆ ನೋಡುವುದಿಲ್ಲ. ನೆಲದೊಳಗೆ ಹೋದ ದುಡ್ಡು ನೆಂಟರಿಗೆ ಕಾಣುವುದಿಲ್ಲವಲ್ಲ!

ಇನ್ನು ಸ್ಲ್ಯಾಬಿನ ದಿನ. ಪೂಜೆ, ಕಾಯಿ, ಕೆಲಸದವರಿಗೆ ಊಟ, ಎಲ್ಲವೂ ಜೋರು. ಆದರೆ ಮಿಕ್ಸರಿನ ಬಾಯಿಗೆ ನೀರು ಸುರಿಯುವ ಹುಡುಗನ ಮೇಲೆ ಯಾರ ಕಣ್ಣೂ ಇಲ್ಲ. ಕಾಂಕ್ರೀಟು ತೆಳ್ಳಗಾದಷ್ಟೂ ಬುಟ್ಟಿ ಹೊರುವವನಿಗೆ, ಹರಡುವವನಿಗೆ ಸುಲಭ. ಸ್ಲ್ಯಾಬಿನ ಬಲ ಮಾತ್ರ ಅಲ್ಲೇ ಸೋರಿ ಹೋಗುತ್ತದೆ. ಒಂದು, ಒಂದೂವರೆ, ಮೂರರ ಮಿಶ್ರಣಕ್ಕೆ ಐವತ್ತು ಕಿಲೋದ ಒಂದು ಚೀಲ ಸಿಮೆಂಟಿಗೆ 30 ಲೀಟರ್ ಮೀರಬಾರದೆಂದು 2000ದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮರಳು ಹಸಿಯಿದ್ದರೆ ಇನ್ನೂ ಕಡಿಮೆ. ಅಳತೆಯ ಒಂದು ಬಕೆಟ್ಟು, ಅದರ ಪಕ್ಕ ಮನೆಯವರಲ್ಲೊಬ್ಬರು ನಿಂತರೆ ಸಾಕು, ಇದಕ್ಕೇನೂ ಖರ್ಚಿಲ್ಲ.

ಮೊದಲು ಬೇಡವೆಂದರೂ ಸುರಿದ ನೀರು ಆಮೇಲೆ ಬೇಕೆಂದಾಗ ಇರುವುದಿಲ್ಲ. ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಹತ್ತು ದಿನ ಒದ್ದೆಯಾಗಿಡಬೇಕು, ಈ ಸೀಮೆಯಂಥ ಒಣ ಬಿಸಿಲಿನಲ್ಲಿ ಹದಿನಾಲ್ಕು ದಿನ. ಸ್ಲ್ಯಾಬಿನ ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ ಆಯಿತು, ಕಂಬಗಳಿಗೆ ಗೋಣಿ ಸುತ್ತಬೇಕು. ಸಂಜೆ ಅಂಗಡಿ ಮುಚ್ಚಿ ಬಂದು ಪೈಪಿನಲ್ಲಿ ಒಮ್ಮೆ ಚಿಮುಕಿಸಿ ಹೋಗುವುದನ್ನು ಕ್ಯೂರಿಂಗ್ ಎನ್ನುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ನಲ್ಲಿಗೆ ನೀರೇ ಬಾರದ ಊರಿನಲ್ಲಿ ಸ್ಲ್ಯಾಬಿಗೆ ಮುಹೂರ್ತ ಇಡುವ ಮುಂಚೆ ಟ್ಯಾಂಕರಿನವನನ್ನು ಕೇಳುವುದು ಒಳ್ಳೆಯದು. ಜೋಯಿಸರು ಆಮೇಲೆ.

ದುಡ್ಡಿನ ಜಗಳ ಹುಟ್ಟುವುದು ಬಾಯಿಮಾತಿನ ವ್ಯವಹಾರದಲ್ಲಿ. "ಚದರಡಿಗೆ ಇಷ್ಟು" ಎಂದು ಚಹಾ ಕುಡಿಯುತ್ತ ಕೈ ಕುಲುಕಿದವರು ಆರು ತಿಂಗಳಿಗೆ ಮುಖ ತಿರುಗಿಸಿಕೊಳ್ಳುತ್ತಾರೆ. ಮೆಟ್ಟಿಲು ಲೆಕ್ಕಕ್ಕೆ ಬಂತೇ? ಪೋರ್ಟಿಕೋ ಪೂರ್ತಿಯೋ, ಅರ್ಧವೋ? ನೀರಿನ ತೊಟ್ಟಿ, ಪ್ಯಾರಾಪೆಟ್ಟು, ಕಾಂಪೌಂಡು ಯಾರ ಪಾಲು? ಸೆಂಟ್ರಿಂಗ್ ಬಾಡಿಗೆ ಯಾರದು? ಕಾಗದದ ಮೇಲಿಲ್ಲದ್ದೆಲ್ಲ ಕೊನೆಗೆ "ಎಕ್ಸ್ಟ್ರಾ". ಕೆಲಸ ಎಲ್ಲಿಗೆ ಮುಟ್ಟಿದೆಯೋ ಅಲ್ಲಿಗಷ್ಟೇ ದುಡ್ಡು, ಕಡೆಯ ಕಂತು ಮೊದಲ ಮಳೆ ನೋಡಿದ ಮೇಲೆ ಎಂದು ಬರೆಸಿಕೊಂಡರೆ ಗೌಂಡಿ ಮುನಿಯಲಿಕ್ಕಿಲ್ಲ. ಒಳ್ಳೆಯ ಗೌಂಡಿಗಂತೂ ಅದರಿಂದ ಲಾಭವೇ. ಅವನ ಕೂಲಿಯೂ ಎಷ್ಟೋ ಸಲ ಮುಳುಗುವುದು ಇಂಥ ಬಾಯಿಮಾತಿನಲ್ಲೇ.

ಹೆಚ್ಚು ಪೆಟ್ಟು ತಿನ್ನುವವರು ಸಣ್ಣ ಅಂಗಡಿಯವರು. ಬ್ಯಾಂಕು ಸಾಲವನ್ನು ಕೆಲಸ ಮೇಲೇರಿದಂತೆ ಕಂತಿನಲ್ಲಿ ಬಿಡುತ್ತದೆ. ಅದು ಬರುವವರೆಗೆ ಗಲ್ಲೆಯ ದುಡ್ಡೇ ಗತಿ. ನಡುವೆ ವಾಸ್ತು ಹೇಳುವವರೊಬ್ಬರು ಬಂದು ಮೆಟ್ಟಿಲು ಕೆಡವಿಸಿದರೆ ಅದಕ್ಕೂ ಗಲ್ಲೆಯೇ. ದೀಪಾವಳಿ ಬರುವ ಹೊತ್ತಿಗೆ ಅಂಗಡಿಯ ಕಪಾಟು ಖಾಲಿ, ಮನೆಯೂ ಅರ್ಧ. ವಾಸ್ತು ನಂಬುವವರು ನಂಬಲಿ, ಯಾರ ಅಡ್ಡಿಯೂ ಇಲ್ಲ. ನಕ್ಷೆ ಕಾಗದದ ಮೇಲಿರುವಾಗಲೇ ಕೇಳಿಬಿಡಲಿ, ರಬ್ಬರಿನಲ್ಲಿ ಅಳಿಸಿದರೆ ಆಗುತ್ತದೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ದೊಡ್ಡ ಕಟ್ಟಡ ಕುಸಿದು 15ಕ್ಕೂ ಹೆಚ್ಚು ಜನ ಸತ್ತಾಗ ಊರೂರಿನಲ್ಲೂ ಇದೇ ಮಾತು. ಆಮೇಲೆ ಮರೆತೇ ಹೋಯಿತು. ಸಣ್ಣ ಮನೆ ಹಾಗೆ ಬೀಳಲಿಕ್ಕಿಲ್ಲ, ಅದು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ದುಡ್ಡು ತಿನ್ನುತ್ತದೆ. ನಕ್ಷೆಗೆ ಶುಲ್ಕ ಕಟ್ಟಿಸಿಕೊಂಡು ಮೊಹರು ಒತ್ತುವ ಪುರಸಭೆಗಳು ಪಾಯ ತೋಡಿದ ದಿನ ಒಬ್ಬ ಇಂಜಿನಿಯರನ್ನು ಸೈಟಿಗೆ ಕಳಿಸಿ ಗುಂಡಿಯೊಳಗೆ ಇಣುಕಿಸಲಿ. ಊರಿನ ಯಾವ ಭಾಗದಲ್ಲಿ ಎರೆ ಎಷ್ಟು ಆಳ, ಗರಸು ಎಲ್ಲಿ ಹತ್ತುತ್ತದೆ ಎಂಬುದನ್ನು ಚರಂಡಿಗೆ, ಪೈಪಿಗೆ ಅಗೆಸಿದ ಕಚೇರಿಗಳು ಆಗಾಗ ಕಂಡೇ ಇರುತ್ತವೆ. ಅದನ್ನೊಂದು ಬೋರ್ಡಿನಲ್ಲಿ ಬರೆಸಿ ಶುಲ್ಕದ ಕೌಂಟರಿನ ಪಕ್ಕ ತೂಗು ಹಾಕಲಿ.