ಮುಳುಗಿದ ನಿಧಿಯ ಶೋಧ ಮತ್ತು ಕಡಲತಳದ ರಕ್ಷಣೆ

ಮುಳುಗಿದ ಹಡಗಿನ ಸಂಪತ್ತು ಯಾರಿಗೆ ಸೇರಬೇಕು ಎಂಬುದು ಒಂದು ಪ್ರಶ್ನೆ; ಅದನ್ನು ತೆಗೆಯಲು ಕಡಲತಳವನ್ನು ಅಗೆಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರಲ್ಲಿ ಗೆದ್ದವರಿಗೆ ಎರಡನೆಯ ಹಕ್ಕು ತಾನಾಗಿ ದಕ್ಕಬಾರದು ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಗಟ್ಟಿ ನಿದರ್ಶನವಿದೆ.

1622ರಲ್ಲಿ ಚಂಡಮಾರುತಕ್ಕೆ ಸಿಕ್ಕಿ ಫ್ಲಾರಿಡಾ ಕೀಸ್ ದ್ವೀಪಸಾಲಿನ ಬಳಿ ಮುಳುಗಿದ ಸ್ಪೇನಿನ ಅಟೋಚಾ ಹಡಗಿನ ಮುಖ್ಯ ನಿಧಿ 1985ರಲ್ಲಿ ಮೆಲ್ ಫಿಶರ್ ತಂಡದ ಕೈಸೇರಿತು. ಇಂಥ ಶೋಧಕರ ನೆಚ್ಚಿನ ಸಾಧನ ‘ಮೇಲ್‌ಬಾಕ್ಸ್’. ದೋಣಿಯ ಪ್ರೊಪೆಲ್ಲರ್ ತಳ್ಳುವ ನೀರನ್ನು ಬಾಗಿದ ಕೊಳವೆಯಿಂದ ಕೆಳಕ್ಕೆ ತಿರುಗಿಸಿ ಮರಳಿನಲ್ಲಿ ಗುಂಡಿ ತೋಡುವುದು ಇದರ ಕೆಲಸ. ಮರಳಿನೊಂದಿಗೆ ಕಡಲಹುಲ್ಲೂ ಬೇರುಸಮೇತ ಕಿತ್ತುಹೋಗುತ್ತದೆ. ಈ ಹುಲ್ಲು ಕಡಲಾಮೆ, ಮ್ಯಾನಟಿಗಳಿಗೆ ಮೇವು. ಮರಿಮೀನು, ಸಿಗಡಿಗಳಿಗೆ ಆಸರೆ. ಕಿತ್ತ ಜಾಗದಲ್ಲಿ ಅದು ಮತ್ತೆ ಹಬ್ಬಲು ಹಲವು ವರ್ಷ ಬೇಕು. 1992ರಲ್ಲಿ ಫಿಶರ್ ತಂಡ ಕೀಸ್ ರಾಷ್ಟ್ರೀಯ ಸಾಗರ ಅಭಯಾರಣ್ಯದ ಕಾಫಿನ್ಸ್ ಪ್ಯಾಚ್‌ನಲ್ಲಿ ನೂರಕ್ಕೂ ಹೆಚ್ಚು ಗುಂಡಿ ತೋಡಿ 1.63 ಎಕರೆ ಹುಲ್ಲು ನಾಶಮಾಡಿತು. ನ್ಯಾಯಾಲಯ 1997ರಲ್ಲಿ ಐದು ಲಕ್ಷ ಡಾಲರಿಗೂ ಮಿಕ್ಕ ಪರಿಹಾರ ವಿಧಿಸಿತು. ಆದರೆ ಪರಿಹಾರದ ಹಣ ಹುಲ್ಲು ಬೆಳೆಯುವ ಅವಧಿಯನ್ನು ಕಡಿಮೆ ಮಾಡಲಾರದು. ಪರವಾನಗಿ ಅಗೆತಕ್ಕೆ ಮೊದಲೇ ಇರಬೇಕಾದುದು ಈ ಕಾರಣಕ್ಕೆ.

ಕಟ್ಟುನಿಟ್ಟಿನ ನಿಯಮಗಳು ಶೋಧವನ್ನೇ ಕೊಲ್ಲುತ್ತವೆ, ಖಾಸಗಿ ಹಣವಿಲ್ಲದಿದ್ದರೆ ಅಟೋಚಾ ಸಿಗುತ್ತಲೇ ಇರಲಿಲ್ಲ ಎಂಬ ವಾದವಿದೆ. ಇದರಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ಹುಡುಕುವುದಕ್ಕೂ ಅಗೆಯುವುದಕ್ಕೂ ವ್ಯತ್ಯಾಸವಿದೆ. ಮ್ಯಾಗ್ನೆಟೋಮೀಟರ್‌ನಿಂದ ಕಬ್ಬಿಣದ ಸುಳಿವು ಹಿಡಿಯಲು ತಳವನ್ನು ಮುಟ್ಟಬೇಕಾಗಿಲ್ಲ. ಅದಕ್ಕೆಂದೇ ಕೀಸ್ ಅಭಯಾರಣ್ಯದಲ್ಲಿ ಸಮೀಕ್ಷೆಗೆ ಒಂದು, ಹೊರತೆಗೆಯುವುದಕ್ಕೆ ಇನ್ನೊಂದು, ವಸ್ತುಗಳ ಹಸ್ತಾಂತರಕ್ಕೆ ಮತ್ತೊಂದು ಪರವಾನಗಿಯ ವ್ಯವಸ್ಥೆ ರೂಪುಗೊಂಡಿತು. ಹವಳ ಮತ್ತು ಹುಲ್ಲಿನ ತಾಣಗಳನ್ನು ಅಗೆತದಿಂದ ಹೊರಗಿಡಲಾಯಿತು. ಶೋಧದ ದಾರಿ ಮುಚ್ಚಲಿಲ್ಲ; ಹಾನಿಯಾಗದು ಎಂದು ತೋರಿಸುವ ಹೊಣೆ ಶೋಧಕನ ಮೇಲೆ ಬಿತ್ತು.

ಹಡಗನ್ನು ಕಡಲು ತಿಂದುಹಾಕುವ ಮೊದಲು ಕಾಪಾಡುತ್ತೇವೆ ಎಂಬುದು ಇನ್ನೊಂದು ವಾದ. ಬಯಲಾಗಿ ಬಿದ್ದ ಮರವನ್ನು ಹಡಗುಹುಳು ಕೊರೆಯುವುದು ನಿಜ. ಆದರೆ ಆಮ್ಲಜನಕ ತಲುಪದಷ್ಟು ಆಳದ ಮರಳಿನಲ್ಲಿ ಹೂತ ಮರ ಶತಮಾನಗಳ ಕಾಲ ಉಳಿಯಬಲ್ಲದು. ಹೊದಿಕೆ ಕಳಚಿದ ಮೇಲೆಯೇ ಅದರ ಕ್ಷಯ ಚುರುಕಾಗುತ್ತದೆ. ನೀರಿನಡಿಯ ಪರಂಪರೆಯನ್ನು ಕುರಿತ 2001ರ ಯುನೆಸ್ಕೊ ಒಪ್ಪಂದ ಇದ್ದಲ್ಲೇ ಸಂರಕ್ಷಿಸುವುದನ್ನು ಮೊದಲ ಆಯ್ಕೆಯಾಗಿಸಿ, ವಾಣಿಜ್ಯ ಬಳಕೆಯನ್ನು ನಿಷೇಧಿಸಿದೆ. ಹುಲ್ಲಿಗೂ ಹಡಗಿಗೂ ಬೇಕಾದುದು ಕದಡದ ತಳವೇ ಆದ್ದರಿಂದ, ಪರಿಸರದ ನಿಯಮ ಹಲವೆಡೆ ಇತಿಹಾಸಕ್ಕೂ ಕಾವಲಾಗುತ್ತದೆ.