ತ್ಯಾಗಮಯಿ ಎಂದು ಬರೆದು ಮುಗಿಸಬೇಡಿ



ನಮ್ಮ ಕಡೆಯ ಊರುಗಳಲ್ಲಿ ತಾಯಿ ತೀರಿಕೊಂಡರೆ ಹನ್ನೊಂದನೆಯ ದಿನದೊಳಗೆ ಒಂದು ಆಹ್ವಾನ ಪತ್ರಿಕೆ ಅಚ್ಚಾಗುತ್ತದೆ. ವರ್ಷ ತುಂಬಿದಾಗ ದಿನಪತ್ರಿಕೆಯ ಮೂಲೆಯಲ್ಲಿ ಒಂದು ಭಾವಚಿತ್ರ ಬರುತ್ತದೆ. ಎರಡರಲ್ಲಿಯೂ ಇರುವ ಮಾತುಗಳು ಒಂದೇ: ತ್ಯಾಗಮಯಿ, ಕರುಣಾಮಯಿ, ಸಹನಾಮೂರ್ತಿ. ಕೋಲಾರದಲ್ಲಿ ಅಚ್ಚಾದ ತಾಯಿಗೂ ಮುಳಬಾಗಿಲಿನಲ್ಲಿ ಅಚ್ಚಾದ ತಾಯಿಗೂ ಹೆಸರೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸ ಕಾಣದು. ಈ ಮಾತುಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅವು ಒಬ್ಬ ಹೆಂಗಸು ಬಾಳಿದ ಅರವತ್ತು ಎಪ್ಪತ್ತು ವರ್ಷಗಳ ಮೇಲೆ ಒಂದು ರೇಷ್ಮೆ ವಸ್ತ್ರವನ್ನು ಹೊದಿಸಿಬಿಡುತ್ತವೆ. ಅದರ ಕೆಳಗೆ ಏನಿತ್ತೆಂದು ಯಾರೂ ಕೇಳುವುದಿಲ್ಲ. ತಾಯಿಯ ಗುಣಗಳನ್ನು ಹೊಗಳುವುದನ್ನು ಸ್ವಲ್ಪ ಕಡಿಮೆ ಮಾಡಿ, ಅವಳು ಮಾಡಿದ ಕೆಲಸವನ್ನೂ ಅವಳಿಗೆ ತಿಳಿದಿದ್ದ ವಿದ್ಯೆಯನ್ನೂ ಅವಳು ಕಳೆದುಕೊಂಡದ್ದನ್ನೂ ಬರೆದಿಡಬೇಕು, ಮುಖ್ಯವಾಗಿ ಹೆಣ್ಣುಮಕ್ಕಳು ಬರೆದಿಡಬೇಕು ಎಂಬುದು ನನ್ನ ಅಭಿಪ್ರಾಯ.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸಿದ ನನಗೆ ಈ ವಿಶೇಷಣಗಳು ಎಲ್ಲಿಂದ ಬರುತ್ತವೆಂಬುದು ಗೊತ್ತು. ಅವು ನಮ್ಮ ತರಗತಿಗಳಿಂದಲೇ ಬರುತ್ತವೆ. ಮಾಲೂರಿನಲ್ಲಿದ್ದಾಗ ಒಮ್ಮೆ ಎಂಟನೆಯ ತರಗತಿಗೆ ‘ನನ್ನ ತಾಯಿ’ ಎಂಬ ಪ್ರಬಂಧ ಕೊಟ್ಟಿದ್ದೆ. ನಲವತ್ತು ನೋಟ್ ಪುಸ್ತಕಗಳು ಬಂದವು. ನಲವತ್ತರಲ್ಲಿಯೂ ಒಬ್ಬಳೇ ತಾಯಿ. ಬೆಳಿಗ್ಗೆ ಬೇಗ ಏಳುತ್ತಾಳೆ, ರುಚಿಯಾಗಿ ಅಡುಗೆ ಮಾಡುತ್ತಾಳೆ, ನಮ್ಮನ್ನು ಪ್ರೀತಿಸುತ್ತಾಳೆ. ಮರುದಿನ ನಾನು ಹೇಳಿದೆ: ‘ನಿಮ್ಮ ತಾಯಿ ನಿನ್ನೆಯ ದಿನ ಏನೇನು ಕೆಲಸ ಮಾಡಿದರು, ಮನೆಯಲ್ಲಿ ಇನ್ಯಾರಿಗೂ ಬಾರದ ಯಾವ ಕೆಲಸ ಅವರಿಗೆ ಬರುತ್ತದೆ, ಕೇಳಿ ಬರೆದು ತನ್ನಿ.’ ಆಗ ಬಂದ ಬರಹಗಳೇ ಬೇರೆ. ಇಟ್ಟಿಗೆ ಗೂಡಿನಲ್ಲಿ ಹಸಿ ಇಟ್ಟಿಗೆ ಹೊರುವ ತಾಯಿ, ಹೂವು ಕಟ್ಟಿ ಮೊಳದ ಲೆಕ್ಕದಲ್ಲಿ ಕೂಲಿ ಪಡೆಯುವ ತಾಯಿ, ಸೀಮೆಹಸುವಿನ ಕೆಚ್ಚಲನ್ನು ಮುಟ್ಟಿಯೇ ಬಾವು ಬಂದಿದೆಯೆಂದು ಹೇಳಬಲ್ಲ ತಾಯಿ. ಇದನ್ನು ಓದುತ್ತಿರುವ ಕೆಲವರಿಗೆ ಆ ಪಾಠ ನೆನಪಿರಬಹುದು.

ನಮ್ಮ ಸೀಮೆಯಲ್ಲಿ ನೆನಪಿಗೆ ಕೊರತೆಯಿಲ್ಲ. ಊರ ಮುಂದೆ, ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಪಕ್ಕದಲ್ಲಿ ವೀರಗಲ್ಲುಗಳಿವೆ. ದನಗಳ್ಳರೊಡನೆ ಕಾದಿ ಮಡಿದ ಗಂಡಸಿಗೆ ಸಾವಿರ ವರ್ಷದಿಂದ ಕಲ್ಲು ನಿಂತಿದೆ. ಹೆಂಗಸರಿಗೂ ಕಲ್ಲುಗಳುಂಟು, ಮಾಸ್ತಿಕಲ್ಲುಗಳು. ‘ಮಾಸ್ತಿ’ ಎಂಬುದು ‘ಮಹಾಸತಿ’ಯ ತದ್ಭವ. ಗಂಡ ಸತ್ತಾಗ ತಾನೂ ಸತ್ತವಳಿಗೆ ನೆಟ್ಟ ಕಲ್ಲು ಅದು. ಗಂಡ ಸತ್ತ ಮೇಲೂ ಬದುಕಿ, ಹೊಲ ಉಳಿಸಿ, ಮಕ್ಕಳನ್ನು ದಡ ಸೇರಿಸಿದವಳಿಗೆ ಯಾವ ಊರಿನಲ್ಲಿಯೂ ಕಲ್ಲಿಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಸೀತೆ ಲವಕುಶರನ್ನು ಹೆತ್ತಳೆಂದು ನಮ್ಮ ಜನ ನಂಬುತ್ತಾರೆ. ಬೆಟ್ಟದ ಮೇಲೆ ಅವಳಿಗೊಂದು ಗುಡಿಯೂ ಇದೆ. ಆದರೆ ಆ ಮಕ್ಕಳು ಊರೂರು ತಿರುಗಿ ಹಾಡಿದ್ದು ತಂದೆಯ ಕಥೆಯನ್ನು. ಸೀತೆಗೆ ಹೆಣ್ಣುಮಗಳೊಬ್ಬಳಿದ್ದಿದ್ದರೆ ಆಶ್ರಮದಲ್ಲಿ ಕಳೆದ ಆ ವರ್ಷಗಳ ಕಥೆಯೂ ನಮಗೆ ಸಿಗುತ್ತಿತ್ತೋ ಏನೋ!

ನಮ್ಮಮ್ಮ ಆವನಿಯ ಸಮೀಪದ ಹಳ್ಳಿಯಿಂದ ಶ್ರೀನಿವಾಸಪುರ ತಾಲ್ಲೂಕಿಗೆ ಮದುವೆಯಾಗಿ ಬಂದವರು. ಮನೆಯ ಮಾತು ತೆಲುಗು, ಊರಿನ ವ್ಯವಹಾರ ಕನ್ನಡ. ಗಡಿಯ ಹೆಂಗಸರೆಲ್ಲರಂತೆ ಒಂದೇ ವಾಕ್ಯದಲ್ಲಿ ಎರಡನ್ನೂ ಆಡುತ್ತಿದ್ದರು. ಎರಡನೆಯ ತರಗತಿಯ ಆಚೆಗೆ ಶಾಲೆ ಕಂಡವರಲ್ಲ. ಆದರೆ ರೇಷ್ಮೆ ಹುಳುವಿನ ವಿಷಯದಲ್ಲಿ ಅವರಿಗೆ ತಿಳಿದಿದ್ದುದನ್ನು ಇಂದು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪಾಠವಾಗಿ ಹೇಳುತ್ತಾರೆ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದರಿಂದ ಇಪ್ಪತ್ತೆಂಟು ದಿನ. ಅಷ್ಟರಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ನಮ್ಮಲ್ಲಿ ಅದನ್ನು ‘ಜ್ವರ’ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ತಟ್ಟೆಯನ್ನು ಅಲುಗಿಸಬಾರದು, ಸುಣ್ಣದ ಪುಡಿ ಉದುರಿಸಿ ತೇವ ಹೀರಿಸಬೇಕು. ಎಲ್ಲ ಹುಳುಗಳೂ ಎದ್ದ ಮೇಲೆಯೇ ಮೊದಲ ಮೇವು. ಒಂದು ಹೊತ್ತು ಮುಂಚೆ ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಹಿಂದೆ ಬೀಳುತ್ತವೆ, ಬೆಳೆ ಒಂದೇ ಸಮ ಹಣ್ಣಾಗದು. ನಾಲ್ಕನೆಯ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಹುಳು ತನ್ನ ಆಯುಷ್ಯದ ಸೊಪ್ಪಿನ ಬಹುಪಾಲನ್ನು ತಿನ್ನುತ್ತದೆ. ಆ ವಾರ ಅಮ್ಮ ರಾತ್ರಿ ಎರಡು ಬಾರಿ ಎದ್ದು ಹುಳದ ಮನೆಗೆ ಹೋಗುತ್ತಿದ್ದರು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಸದ್ದಿನಂತಿರುತ್ತದೆ. ಆ ಸದ್ದು ತಗ್ಗಿದ್ದು ನಿದ್ದೆಯಲ್ಲಿಯೂ ಅವರಿಗೆ ತಿಳಿಯುತ್ತಿತ್ತು.

ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಈ ಮೂರನ್ನೂ ಅವರು ಹುಳುವಿನ ಬಣ್ಣದಿಂದಲೂ ನಡಿಗೆಯಿಂದಲೂ ಗುರುತಿಸುತ್ತಿದ್ದರು. 1980ರಲ್ಲಿ ಬಂಗಾಳದಿಂದ ಬಂದ ಗೂಡುಗಳೊಂದಿಗೆ ಊಜಿ ನೊಣ ಕರ್ನಾಟಕಕ್ಕೆ ಬಂದಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಒಳಹೊಕ್ಕು ಹುಳುವನ್ನು ತಿಂದು ಹಾಕುತ್ತದೆ. ಕಣ್ಣೆದುರೇ ಬೆಳೆ ಹಾಳಾದ ಆ ವರ್ಷಗಳಲ್ಲಿ ಅಮ್ಮ ಹಳೆಯ ಸೀರೆಗಳನ್ನು ಹೊಲಿದು ಕಿಟಕಿಗೂ ತಟ್ಟೆಗಳ ಸುತ್ತಲೂ ಕಟ್ಟಿದರು. ನೈಲಾನ್ ಪರದೆ ನಮ್ಮ ಮನೆಗೆ ಬಂದದ್ದು ಅನಂತರ. ನನ್ನ ಬಿ.ಎಡ್. ಶುಲ್ಕ ಸಂದಾಯವಾದದ್ದು ಅಂಥದೊಂದು ಉಳಿಸಿಕೊಂಡ ಬೆಳೆಯ ಹಣದಿಂದ. ಇದನ್ನು ‘ತ್ಯಾಗ’ ಎಂದು ಕರೆದರೆ ನಮ್ಮಮ್ಮನಿಗೆ ಅರ್ಥವಾಗುತ್ತಿರಲಿಲ್ಲ. ಅದು ಅವರ ಕಸುಬು, ಅವರ ಸಂಪಾದನೆ.

ಆದರೆ ಕಾಗದ ಬೇರೆಯ ಮಾತು ಹೇಳುತ್ತದೆ. ಗೂಡು ಮಾರಿದ ಮಾರುಕಟ್ಟೆಯ ಚೀಟಿ ಅಪ್ಪನ ಹೆಸರಿನಲ್ಲಿ, ಪಹಣಿ ಅಪ್ಪನ ಹೆಸರಿನಲ್ಲಿ, ಹಾಲಿನ ಡೈರಿಯ ಸದಸ್ಯತ್ವವೂ ಅಪ್ಪನದೇ. ಇದು ನಮ್ಮ ಮನೆಯೊಂದರ ಕಥೆಯಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ದೇಶದ ಸುಮಾರು 28 ಲಕ್ಷ ಹೆಂಗಸರ ಹೆಸರುಗಳನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತ್ಯಗಳವರು. ತಮ್ಮ ಹೆಸರನ್ನು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ್ದರು. ನಮ್ಮಮ್ಮನ ಹೆಸರಿನಲ್ಲಿ ಹುಟ್ಟಿದ ಮೊದಲ ಕಾಗದವೆಂದರೆ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಸೇರಿದ ಸಂಘದ ಪಾಸ್ ಪುಸ್ತಕ. ಅದಕ್ಕಾಗಿ ಅರವತ್ತು ದಾಟಿದ ಮೇಲೆ ಸಹಿ ಮಾಡುವುದನ್ನು ಮತ್ತೆ ಕಲಿತರು. ಈಗ ಕಾಲ ಬದಲಾಗಿದೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಅವಳ ಖಾತೆಗೇ ಬರತೊಡಗಿತು. ಅಮ್ಮ ಅದನ್ನು ಕಾಣಲಿಲ್ಲ.

ಅವರ ಹೆಬ್ಬೆಟ್ಟಿರುವ ಇನ್ನೊಂದು ಕಾಗದವಿದೆ. ಅದರ ವಿಷಯವನ್ನೂ ಬರೆಯಬೇಕು. ಎಪ್ಪತ್ತರ ದಶಕದಲ್ಲಿ ತವರಿನ ಆಸ್ತಿ ಭಾಗವಾದಾಗ, ಅರಿಶಿನ ಕುಂಕುಮ, ಸೀರೆ, ಒಂದು ಕಣ ಖಣ ಕೊಟ್ಟು, ಹಕ್ಕು ಬಿಟ್ಟಿದ್ದೇನೆಂಬ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ‘ಅಕ್ಕನಿಗೇನು ಕಡಿಮೆ’ ಎಂಬ ಮಾತೂ ಜೊತೆಗೆ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿಕೊಂಡ ತಂದೆಯ ಪಾಲಿನಲ್ಲಿ ಮಗಳಿಗೂ ಭಾಗವಿತ್ತು. ಅವಳ ಹೆಬ್ಬೆಟ್ಟು ಬೇಕಾದದ್ದು ಅದಕ್ಕಾಗಿಯೇ. ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಸಮನಾದ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಅಲ್ಲಿಯವರೆಗೆ ಮದುವೆಯಾಗದಿದ್ದವರಿಗೆ ಮಾತ್ರ. 2005ರಲ್ಲಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಆಯಿತು. ತಂದೆ ಆ ವೇಳೆಗೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು.

ನನ್ನ ಸೋದರಮಾವಂದಿರ ಮಕ್ಕಳು ಇದನ್ನು ಓದುತ್ತಾರೆಂದು ನನಗೆ ಗೊತ್ತು. ಅವರ ಮೇಲೆ ನನಗೆ ಪ್ರೀತಿಯಿದೆ, ಆ ಜಮೀನಿನಲ್ಲಿ ನನಗೆ ಏನೂ ಬೇಕಾಗಿಲ್ಲ. ಮಾವಂದಿರು ಕೆಟ್ಟವರಲ್ಲ, ಊರೆಲ್ಲ ಮಾಡಿದಂತೆ ಅವರೂ ಮಾಡಿದರು. ಆದರೆ ‘ಅವಳು ಸಂತೋಷದಿಂದ ಬಿಟ್ಟುಕೊಟ್ಟಳು’ ಎಂಬ ಮಾತನ್ನು ಶ್ರಾದ್ಧದ ದಿನ ಕೇಳಿದಾಗಲೆಲ್ಲ ಒಂದು ಸಂಗತಿ ನೆನಪಾಗುತ್ತದೆ. ತವರಿಗೆ ಹೋದಾಗಲೆಲ್ಲ ಅಮ್ಮ ಒಬ್ಬರೇ ಆ ಹೊಲದ ಬದುವಿನವರೆಗೆ ನಡೆದು ಹೋಗಿ ಬರುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಅದಕ್ಕೆ ತ್ಯಾಗವೆಂಬ ಹೆಸರಿಡುವ ಅಧಿಕಾರ ನಮಗಾರಿಗೂ ಇಲ್ಲ.

ಮನೆಯ ಮಾತನ್ನು ಬೀದಿಗೆ ತರಬೇಕೇ ಎಂದು ಕೆಲವರು ಕೇಳಬಹುದು. ಸತ್ತವರನ್ನು ಕುರಿತು ಒಳ್ಳೆಯದನ್ನೇ ಆಡಬೇಕೆಂಬುದು ಹಿರಿಯರ ಮಾತು, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ತಾಯಿಗೆ ಆದ ನಷ್ಟವನ್ನು ನಷ್ಟವೆಂದು ಬರೆದರೆ ಅದು ಯಾರ ನಿಂದೆಯೂ ಆಗದು. ಅದನ್ನು ಮುಚ್ಚಿಟ್ಟು ಹೊಗಳಿದರೆ ನಾಳೆ ಅದೇ ಹೊಗಳಿಕೆಯಿಂದ ಇನ್ನೊಬ್ಬ ಮಗಳ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಕಾಯ್ದೆ ಬದಲಾಗಿದ್ದರೂ ಅರಿಶಿನ ಕುಂಕುಮದ ಪದ್ಧತಿ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನಿಂತಿಲ್ಲವೆಂಬುದನ್ನು ಓದುವ ನೀವೂ ಬಲ್ಲಿರಿ.

ಬರೆಯುವುದಕ್ಕೆ ನಮಗೆ ಮೇಲ್ಪಂಕ್ತಿ ಇಲ್ಲದೆ ಇಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು ‘ಭಾವ’ ಎಂಬ ಹೆಸರಿನಲ್ಲಿ ತಮ್ಮ ಬಾಳನ್ನು ಮೂರು ಸಂಪುಟಗಳಲ್ಲಿ ಬರೆದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ದಿವಾನರಿಗಿರುವಂತೆಯೇ ಸಾಮಾನ್ಯರಿಗೂ ಸ್ಥಳವಿದೆ. ಕಾದಂಬರಿಗಾರ್ತಿ ತ್ರಿವೇಣಿಯವರು 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಮಗುವಿಗೆ ತಾಯಿಯನ್ನು ಅರಿಯಲು ತಾಯಿಯ ಕೃತಿಗಳಾದರೂ ಇದ್ದವು. ನಮ್ಮ ತಾಯಂದಿರು ಪುಸ್ತಕ ಬಿಟ್ಟುಹೋದವರಲ್ಲ. ಅವರು ತಿಳಿದಿದ್ದುದೆಲ್ಲ ನಮ್ಮ ಕಣ್ಣಿನಲ್ಲಿಯೂ ಕಿವಿಯಲ್ಲಿಯೂ ಇದೆ, ನಾವು ಹೋದರೆ ಅದೂ ಹೋಗುತ್ತದೆ.

ಆದುದರಿಂದ ನನ್ನ ವಿದ್ಯಾರ್ಥಿನಿಯರಿಗೆ ಒಂದು ಮನೆಗೆಲಸ ಕೊಡುತ್ತೇನೆ. ನಿಮ್ಮಲ್ಲಿ ಕೆಲವರು ಈಗ ಅಜ್ಜಿಯರಾಗಿದ್ದರೂ ಚಿಂತೆಯಿಲ್ಲ. ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ತಾಯಿಯ ಪೂರ್ತಿ ಹೆಸರನ್ನೂ, ಮದುವೆಗೆ ಮುಂಚೆ ಮನೆಯವರು ಕರೆಯುತ್ತಿದ್ದ ಹೆಸರನ್ನೂ ಬರೆಯಿರಿ. ಅವರು ಹುಟ್ಟಿದ ಊರು, ಅಲ್ಲಿ ನೀರು ತರುತ್ತಿದ್ದ ಕೆರೆ ಅಥವಾ ಬಾವಿ, ಶಾಲೆ ಬಿಟ್ಟ ವರ್ಷ, ಬಿಡಲು ಕಾರಣ. ಕೈಯಲ್ಲಿದ್ದ ಕಸುಬು, ಅದರ ಪ್ರತಿಯೊಂದು ಮಾತು. ಮೊದಲು ಕೈಗೆ ಬಂದ ಕೂಲಿ. ಹೆತ್ತ ಮಕ್ಕಳು, ಉಳಿಯದ ಮಕ್ಕಳು. ಆಸೆಪಟ್ಟು ಸಿಗದೆ ಹೋದದ್ದು. ಸಿಟ್ಟು ಬಂದಾಗ ಆಡುತ್ತಿದ್ದ ಮಾತು. ಅದನ್ನು ಅವರ ಭಾಷೆಯಲ್ಲಿಯೇ ಬರೆಯಿರಿ, ತೆಲುಗಾದರೆ ತೆಲುಗೇ ಇರಲಿ. ತಾಯಿ ಇನ್ನೂ ಇದ್ದರೆ ನಿಮ್ಮಷ್ಟು ಭಾಗ್ಯವಂತರಿಲ್ಲ. ಈ ಭಾನುವಾರವೇ ಹೋಗಿ ಪಕ್ಕದಲ್ಲಿ ಕುಳಿತು ಕೇಳಿ. ‘ನಂದೇನಿದೆ ಹೇಳಕ್ಕೆ’ ಎಂದು ಅವರು ನಕ್ಕೇ ನಗುತ್ತಾರೆ. ಅದನ್ನೂ ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿ.